ಸೇವೆಯು ದೊಡ್ಡವರಾಗುವುದಕ್ಕೆ ಏಣಿಯೇ? ಮಾರ್ಕ 10ನೆಯ ಅಧ್ಯಾಯದ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಕಡೇಸಾಲಿನವಳು

ಎಲ್ಲರಿಗೂ ವಂದನೆಗಳು.

ನಮ್ಮ ಕ್ರೈಸ್ತ ಸಭೆಯ ಆಡಳಿತ ಸಮಿತಿಯ ಮುಖ್ಯ ಹೊಣೆಯನ್ನು ಮುಂದಿನ ಅವಧಿಗೆ ನಾನು ವಹಿಸಿಕೊಳ್ಳಬೇಕೆಂದು ಕೆಲವರು ಒತ್ತಾಯಿಸುತ್ತಿದ್ದಾರೆ. ಒಪ್ಪಿಕೊಳ್ಳುವ ಮೊದಲು ಒಂದು ವಿಷಯ ನನಗೆ ಸ್ಪಷ್ಟವಾಗಬೇಕಾಗಿದೆ. ಸತ್ಯವೇದವನ್ನು ನನಗಿಂತ ಆಳವಾಗಿ ಓದಿಕೊಂಡವರು ಇಲ್ಲಿರುವುದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಳೆದ 9 ವರ್ಷಗಳಿಂದ ನಾನು ಸಭೆಯ ಕಾರ್ಯದರ್ಶಿಯಾಗಿದ್ದೇನೆ. ಆರಾಧನೆಗೆ ಒಂದು ಗಂಟೆ ಮುಂಚೆ ಬಂದು ಬಾಗಿಲು ತೆರೆದು ಕುರ್ಚಿಗಳನ್ನು ಜೋಡಿಸುವುದು, ಕಾಣಿಕೆಯ ಲೆಕ್ಕ ಬರೆಯುವುದು, ಹಾಸಿಗೆ ಹಿಡಿದವರನ್ನು ನೋಡಿಕೊಂಡು ಬರುವುದು, ಎಲ್ಲರೂ ಹೊರಟ ಮೇಲೆ ದೀಪ ಆರಿಸಿ ಬೀಗ ಹಾಕುವುದು, ಇವೆಲ್ಲವೂ ನನ್ನ ಪಾಲಿಗೆ ಬಂದಿವೆ, ಅಥವಾ ನಾನೇ ನನ್ನ ಪಾಲಿಗೆ ಎಳೆದುಕೊಂಡಿದ್ದೇನೆ. ದಣಿವಿದೆ, ಆದರೆ ಅದನ್ನು ತೋಡಿಕೊಳ್ಳಲು ಬರೆಯುತ್ತಿಲ್ಲ.

ಕೆಲವು ತಿಂಗಳ ಹಿಂದೆ ಪ್ರಸಂಗದ ನಡುವೆ ನನ್ನ ಹೆಸರನ್ನು ಎತ್ತಿ, ಕ್ರಿಸ್ತನು ಬೋಧಿಸಿದ ದೊಡ್ಡತನವನ್ನು ಇಂಥವರಲ್ಲಿ ಕಾಣಬಹುದು ಎಂದು ಹೇಳಲಾಯಿತು. ಆ ಕ್ಷಣ ನನಗಾದ ಸಂತೋಷ ಎಷ್ಟು ದೊಡ್ಡದಾಗಿತ್ತೆಂದರೆ, ಮನೆಗೆ ಬಂದ ಮೇಲೆ ಅದೇ ನನ್ನನ್ನು ಹೆದರಿಸಿತು. ಎರಡು ವಾರಗಳ ನಂತರ ಅದೇ ಮಾತು ಇನ್ನೊಬ್ಬರ ಕುರಿತು ಬಂದಾಗ ನನ್ನೊಳಗೆ ಏನೋ ಮುಳ್ಳಿನ ಹಾಗೆ ಚುಚ್ಚಿತು. ಅಂದಿನಿಂದ ಮಾರ್ಕನ ಸುವಾರ್ತೆಯ 10:43–44ನ್ನು ಓದುವುದೇ ನನಗೆ ಕಷ್ಟವಾಗಿದೆ. ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕು, ಮೊದಲನೆಯವನಾಗಬೇಕೆಂದಿರುವವನು ಎಲ್ಲರ ಆಳಾಗಬೇಕು ಎಂದು ಯೇಸು ಹೇಳುವಾಗ, ಸೇವೆಯು ದೊಡ್ಡತನಕ್ಕೆ ಏರುವ ಏಣಿಯಾಗಿಬಿಡುವುದಿಲ್ಲವೇ? ಸಿಂಹಾಸನ ಕೇಳಿದ ಶಿಷ್ಯರಾದ ಯಾಕೋಬ ಯೋಹಾನರಿಗೂ, ಕುರ್ಚಿ ಜೋಡಿಸುತ್ತಾ ಹೊಗಳಿಕೆಗೆ ಕಾದಿರುವ ನನಗೂ ವ್ಯತ್ಯಾಸವೇನು? ಅವರಾದರೂ ಬಾಯಿಬಿಟ್ಟು ಕೇಳಿದರು.

ಎರಡನೆಯ ಪ್ರಶ್ನೆ ಇದಕ್ಕೆ ಹೊಂದಿಕೊಂಡದ್ದೇ. ಬಡವರ ಸಹಾಯಕ್ಕೆಂದು ಎತ್ತಿಟ್ಟ ನಿಧಿಯಿಂದ ಬೇರೊಂದು ಕೆಲಸಕ್ಕೆ ಹಣ ತೆಗೆಯಬೇಕೆಂದು ಸಭೆಯಲ್ಲಿ ಮಾತಿಗೆ ತೂಕವಿರುವ ಒಬ್ಬರು ಕೇಳಿದರು. ಆಗುವುದಿಲ್ಲವೆಂದೆ. ಸೇವಕರಾದವರು ಹೀಗೆ ಮಾತನಾಡುವುದಿಲ್ಲ ಎಂದು ಅವರು ಶಾಂತವಾಗಿಯೇ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲರ ಆಳಾದವಳು ಯಾರಿಗಾದರೂ ಇಲ್ಲವೆನ್ನಬಹುದೇ? ಎನ್ನಬಹುದಾದರೆ, ಯಾವ ಆಧಾರದ ಮೇಲೆ?

ಕೆಲಸದ ಸ್ಥಳದಲ್ಲಿ ನಡೆದ ಒಂದು ತರಬೇತಿಯಲ್ಲೂ ಸೇವಕ ನಾಯಕತ್ವ ಎಂಬ ಮಾತು ಬಂತು. ಹಾಗೆ ನಡೆದುಕೊಂಡರೆ ಕೆಳಗಿನವರು ಹೆಚ್ಚು ದುಡಿಯುತ್ತಾರೆ ಎಂಬುದು ಅಲ್ಲಿನ ಪಾಠವಾಗಿತ್ತು. ಅದನ್ನು ಕೇಳಿ ನನ್ನ ಗೊಂದಲ ಇನ್ನಷ್ಟು ಹೆಚ್ಚಾಗಿದೆ.

ಉತ್ತರ: ಮೂಲಪಾಠ

ಸಹೋದರಿ, ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ನೀವು ಉಲ್ಲೇಖಿಸಿದ ವಚನಗಳಿಗೆ ಸ್ವಲ್ಪ ಮೇಲೆ, ಅದೇ ಅಧ್ಯಾಯದ 38ರಿಂದ 40ನೆಯ ವಚನಗಳಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ನಾವು ಅವನ್ನು ದಾಟಿಕೊಂಡು ಪ್ರಸಿದ್ಧವಾದ ಮಾತಿಗೆ ಹೋಗಿಬಿಡುತ್ತೇವೆ.

ಮಾರ್ಕನು ಈ ಪ್ರಸಂಗವನ್ನು ಇಟ್ಟಿರುವ ಸ್ಥಳವನ್ನು ಮೊದಲು ನೋಡಬೇಕು. ತನಗೆ ಬರಲಿರುವ ಶ್ರಮೆಯನ್ನೂ ಮರಣವನ್ನೂ ಯೇಸು ಮೂರು ಬಾರಿ ಮುಂತಿಳಿಸುತ್ತಾನೆ: 8:31, 9:31, 10:33–34. ಮೂರು ಬಾರಿಯೂ ಅದರ ಬೆನ್ನಿಗೇ ಶಿಷ್ಯರು ಎಡವುತ್ತಾರೆ. ಮೊದಲನೆಯ ಸಲ ಪೇತ್ರನು ಆತನನ್ನೇ ಗದರಿಸುತ್ತಾನೆ. ಎರಡನೆಯ ಸಲ, ಕಪೆರ್ನೌಮಿಗೆ ಹೋಗುವ ದಾರಿಯುದ್ದಕ್ಕೂ ತಮ್ಮಲ್ಲಿ ಯಾರು ದೊಡ್ಡವರೆಂದು ವಾದಿಸಿಕೊಂಡು ಬಂದವರು, ಏನು ಮಾತನಾಡುತ್ತಿದ್ದಿರಿ ಎಂದು ಕೇಳಿದಾಗ ಬಾಯಿ ತೆರೆಯುವುದಿಲ್ಲ. ಮೂರನೆಯ ಸಲ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಬಲಕ್ಕೂ ಎಡಕ್ಕೂ ಪೀಠ ಕೇಳುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಅವರ ತಾಯಿ ಮುಂದೆ ಬಂದು ಕೇಳುತ್ತಾಳೆ.

ಯೇಸು ಅವರನ್ನು ಕೇಳುವುದು ಒಂದು ಪ್ರಶ್ನೆ: ನಾನು ಕುಡಿಯುವ ಪಾತ್ರೆಯಲ್ಲಿ ಕುಡಿಯಬಲ್ಲಿರಾ? ಅಂದರೆ, ನನ್ನ ಶ್ರಮೆಯಲ್ಲಿ ಪಾಲುಗೊಳ್ಳಬಲ್ಲಿರಾ? ಬಲ್ಲೆವು ಎನ್ನುತ್ತಾರೆ. ಏಣಿಯ ಲೆಕ್ಕ ಸರಿಯಾಗಿದ್ದರೆ ಆತನು ಇಲ್ಲಿ ಹೇಳಬೇಕಾದದ್ದು, ಹಾಗಾದರೆ ಕುಡಿಯಿರಿ, ಪೀಠವೂ ನಿಮ್ಮದಾಗುವುದು ಎಂದು. ಆದರೆ ಆತನು ಹೇಳುವುದೇನು? ಪಾತ್ರೆಯಲ್ಲಿ ನೀವು ಕುಡಿಯುವಿರಿ, ನಿಜ. ಬಲಗಡೆ ಎಡಗಡೆ ಕೂರಿಸುವುದು ನನ್ನದಲ್ಲ, ಅದು ಯಾರಿಗೆ ಸಿದ್ಧಮಾಡಲ್ಪಟ್ಟಿದೆಯೋ ಅವರಿಗೆ. ಶ್ರಮೆಯನ್ನು ಪೂರ್ತಿಯಾಗಿ ಅನುಭವಿಸಿದ ಮೇಲೂ ಪೀಠದ ಭರವಸೆ ಇಲ್ಲ. ಯಾಕೋಬನು ಆ ಪಾತ್ರೆಯನ್ನು ಕುಡಿದನು. ಹೆರೋದ ಅಗ್ರಿಪ್ಪನು ಅವನನ್ನು ಕತ್ತಿಯಿಂದ ಕೊಲ್ಲಿಸಿದ ಸಂಗತಿ ಅಪೊಸ್ತಲರ ಕೃತ್ಯಗಳು 12:2ರಲ್ಲಿ ಒಂದೇ ವಾಕ್ಯದಲ್ಲಿ ಬರುತ್ತದೆ. ಅವನಿಗೆ ಯಾವ ಪೀಠ ದೊರೆಯಿತೆಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಸೇವೆಗೂ ಪ್ರತಿಫಲಕ್ಕೂ ನಡುವೆ ನಾವು ಕಟ್ಟಿಕೊಳ್ಳುವ ಮೆಟ್ಟಿಲುಗಳನ್ನು ಯೇಸು 40ನೆಯ ವಚನದಲ್ಲಿ ತೆಗೆದುಹಾಕಿದ ಮೇಲೆಯೇ 43ನೆಯ ವಚನದ ಮಾತನ್ನು ಆಡುತ್ತಾನೆ. ಆದ್ದರಿಂದ ಆ ಮಾತನ್ನು, ಸೇವೆ ಮಾಡಿದರೆ ಮುಂದೊಂದು ದಿನ ದೊಡ್ಡವರಾಗುವಿರಿ ಎಂದು ಓದಲಾಗದು. ದೊಡ್ಡತನವೆಂಬುದು ಆತನ ರಾಜ್ಯದಲ್ಲಿ ಇದಕ್ಕೇ ಇಟ್ಟ ಹೆಸರು. ಇದರ ಆಚೆಗೆ ಕಾದಿರುವ ಬೇರೊಂದು ವಸ್ತು ಅದಲ್ಲ.

ಮುಂದೆ ಮಾರ್ಕನು ಮಾಡುವ ಎರಡು ಕೆಲಸಗಳು ನನ್ನನ್ನು ಪ್ರತಿ ಓದಿನಲ್ಲೂ ತಡೆದು ನಿಲ್ಲಿಸುತ್ತವೆ. ಮೊದಲನೆಯದು: ಬಲಗಡೆ ಒಬ್ಬ, ಎಡಗಡೆ ಒಬ್ಬ ಎಂಬ ಮಾತು 15:27ರಲ್ಲಿ ಮತ್ತೆ ಬರುತ್ತದೆ. ಅಲ್ಲಿರುವುದು ಶಿಲುಬೆಗಳು, ಆ ಸ್ಥಾನಗಳಲ್ಲಿರುವವರು ಇಬ್ಬರು ಕಳ್ಳರು. ಮಕ್ಕಳಿಗೆ ಪೀಠ ಕೇಳಿದ ಆ ತಾಯಿ ಅಲ್ಲಿ ನಿಂತು ನೋಡುತ್ತಿದ್ದಳೆಂದು ಮತ್ತಾಯ 27:56 ತಿಳಿಸುತ್ತದೆ. ಎರಡನೆಯದು: ನಾನು ನಿಮಗೆ ಏನು ಮಾಡಬೇಕೆಂದು ಕೋರುತ್ತೀರಿ ಎಂದು ಯೇಸು ಈ ಅಣ್ಣತಮ್ಮಂದಿರನ್ನು 36ನೆಯ ವಚನದಲ್ಲಿ ಕೇಳಿದ್ದ. ಅದೇ ಪ್ರಶ್ನೆಯನ್ನು 51ನೆಯ ವಚನದಲ್ಲಿ ದಾರಿಯ ಪಕ್ಕದ ಕುರುಡ ಭಿಕ್ಷುಕ ಬಾರ್ತಿಮಾಯನನ್ನು ಕೇಳುತ್ತಾನೆ. ಮೊದಲಿನವರು ಮಹಿಮೆಯನ್ನು ಕೇಳಿದರು, ಇವನು ಕಣ್ಣನ್ನು ಕೇಳಿದನು. ಕಣ್ಣು ಬಂದೊಡನೆ ಅವನು ದಾರಿಯಲ್ಲಿ ಆತನ ಹಿಂದೆ ಹೋದನು.

ಪದಗಳ ಕುರಿತು ಎರಡು ಮಾತು. ಗ್ರೀಕ್ ಮೂಲದಲ್ಲಿ 43ನೆಯ ವಚನದಲ್ಲಿರುವುದು ಡಿಯಾಕೊನೊಸ್, ಊಟದ ಪಂಕ್ತಿಯಲ್ಲಿ ಬಡಿಸುವವನಿಗೂ ಸಲ್ಲುವ ಪದ. 44ರಲ್ಲಿ ಅದು ಡೂಲೊಸ್ ಆಗುತ್ತದೆ, ಅಂದರೆ ತನ್ನ ಮೈಮೇಲೂ ತನಗೆ ಹಕ್ಕಿಲ್ಲದ ಗುಲಾಮ. ಮಾತು ಇಳಿಯುತ್ತಾ ಹೋಗಿ 45ರಲ್ಲಿ ಪ್ರಾಣ ಕೊಡುವುದಕ್ಕೆ ಮುಟ್ಟುತ್ತದೆ. ನಮ್ಮ ಭಾಷೆಯಲ್ಲಿ ಜನರನ್ನು ಆಳುವುದಕ್ಕೂ ಜನರಿಗೆ ಆಳಾಗುವುದಕ್ಕೂ ಒಂದೇ ಅಕ್ಷರಗಳು ಸಾಕಾಗುತ್ತವೆ. ಗ್ರೀಕಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಜನಾಂಗಗಳ ಅಧಿಪತಿಗಳು ದೊರೆತನ ನಡಿಸುತ್ತಾರೆ ಎನ್ನುವುದಕ್ಕೆ ಬಳಸಿದ ಕ್ರಿಯಾಪದ ಮೇಲಿನಿಂದ ಅದುಮುವ ಅರ್ಥದ್ದು. ಅದೇ ಪದವನ್ನು ಪೇತ್ರನ ಮೊದಲನೆಯ ಪತ್ರಿಕೆ 5:3ರಲ್ಲಿ ಸಭೆಯ ಹಿರಿಯರಿಗೆ ಎಚ್ಚರಿಕೆಯಾಗಿ ಬಳಸಿದೆ. ಅರಸರ ರೋಗ ಸಭೆಯೊಳಕ್ಕೂ ಬರುತ್ತದೆಂದು ಮೊದಲನೆಯ ತಲೆಮಾರಿಗೇ ತಿಳಿದಿತ್ತು.

ಲೂಕ 22ರಲ್ಲಿ ಇದೇ ಜಗಳ ಕಡೇ ಭೋಜನದ ಮೇಜಿನಲ್ಲೇ ಏಳುತ್ತದೆ. ಅಲ್ಲಿ ಒಂದು ಹೆಚ್ಚಿನ ವಿವರವಿದೆ: ಅರಸರು ಉಪಕಾರಿಗಳೆಂದು ಕರೆಯಿಸಿಕೊಳ್ಳುತ್ತಾರೆ. ಈಜಿಪ್ಟನ್ನು ಆಳಿದ ಮೂರನೆಯ ಟಾಲೆಮಿಯ ಬಿರುದೇ ಯೂಎರ್ಗೆಟೆಸ್, ಅಂದರೆ ಉಪಕಾರಿ. ಸೇವೆಯ ಹೆಸರಿನಲ್ಲಿ ಆಳುವುದು ಆಗಲೇ ಹಳೆಯ ವಿದ್ಯೆಯಾಗಿತ್ತು. 590ರಲ್ಲಿ ರೋಮಿನ ಬಿಷಪರಾದ ಮಹಾ ಗ್ರೆಗೊರಿಯವರು ತಮ್ಮನ್ನು ದೇವರ ಸೇವಕರ ಸೇವಕನೆಂದು ಕರೆದುಕೊಂಡರು. ಅವರು ಅದನ್ನು ಮನಸಾರೆ ಬರೆದರೆಂದೇ ನಂಬುತ್ತೇನೆ, ಆದರೆ ಮುಂದೆ ಅದು ಪೋಪರ ಅಧಿಕೃತ ಬಿರುದುಗಳಲ್ಲಿ ಒಂದಾಗಿ ಸೇರಿಕೊಂಡಿತು. ಸೇವಕನೆಂಬ ಹೆಸರೂ ಬಿರುದಾಗಬಲ್ಲದು ಎಂದಮೇಲೆ, ಹೊಗಳಿಕೆ ಕೇಳಿ ನಿಮಗಾದ ಹೆದರಿಕೆ ಆರೋಗ್ಯದ ಲಕ್ಷಣವೇ ಹೊರತು ಬೇರೇನಲ್ಲ.

ಉತ್ತರ: ಬಾವಿಯ ಬಳಿ

ಮೇಲಿನ ಉತ್ತರವನ್ನು ಕೃತಜ್ಞತೆಯಿಂದ ಓದಿದೆ. ಆದರೂ ಒಂದು ಮಾತನ್ನು ಸೇರಿಸದೆ ಇರಲಾರೆ, ಏಕೆಂದರೆ ಈ ವಚನ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆ ಎಂಬುದರ ಮೇಲೆ ಅದರ ಅರ್ಥವೇ ಬದಲಾಗಿಬಿಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಯೇಸು ಎಲ್ಲರ ಆಳಾಗಿರಿ ಎಂದು ಹೇಳಿದ್ದು ಸಿಂಹಾಸನ ಕೇಳಿದವರಿಗೆ ಮತ್ತು ಅವರ ಮೇಲೆ ಕೋಪಗೊಂಡ ಉಳಿದ ಹತ್ತು ಮಂದಿಗೆ. ಬಾರ್ತಿಮಾಯನಿಗೆ ಆತನು ಇದನ್ನು ಹೇಳಲಿಲ್ಲ, ರಕ್ತಕುಸುಮ ರೋಗದ ಹೆಂಗಸಿಗೂ ಹೇಳಲಿಲ್ಲ; ಅವಳನ್ನು ಮಗಳೇ ಎಂದು ಕರೆದು ಸಮಾಧಾನದಿಂದ ಕಳುಹಿಸಿದನು. ಮೇಲಿದ್ದವರನ್ನು ಕೆಳಗಿಳಿಸುವ ಮಾತನ್ನು ಈಗಾಗಲೇ ಕೆಳಗಿರುವವರ ತಲೆಯ ಮೇಲೆ ಇಟ್ಟರೆ ಅದು ಆತನ ಮಾತಾಗಿ ಉಳಿಯುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ನಡೆಯುತ್ತಿದ್ದ ಕಾಲದಲ್ಲಿ ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ವಚನಗಳನ್ನೇ ಆರಿಸಿ ಪ್ರಸಂಗ ಮಾಡಲಾಗುತ್ತಿತ್ತು. ಆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತಮ್ಮ ಜೀವನವೃತ್ತಾಂತದ ಕೊನೆಯಲ್ಲಿ, ಕ್ರಿಸ್ತನ ಧರ್ಮಕ್ಕೂ ಆ ನಾಡಿನ ಕ್ರೈಸ್ತ ಧರ್ಮಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದರೆ ಒಂದನ್ನು ಒಪ್ಪಿದವನು ಇನ್ನೊಂದನ್ನು ತಳ್ಳಿಹಾಕಲೇಬೇಕೆಂಬ ಅರ್ಥದಲ್ಲಿ ಬರೆದರು. ಅಪೊಸ್ತಲನಾದ ಪೌಲನೂ ಕೊರಿಂಥದ ಸಭೆಗೆ ಬರೆಯುವಾಗ, ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು, ಮನುಷ್ಯರಿಗೆ ದಾಸರಾಗಬೇಡಿರಿ ಎಂದಿದ್ದಾನೆ.

ನಿಮ್ಮಿಂದ ನಿಧಿಯ ಹಣ ಕೇಳಿದವರು ಆ ಮಾತನ್ನು ಬಳಸಿದ್ದು ಯಾವ ದಿಕ್ಕಿನಲ್ಲಿ? ತೂಕವಿರುವವರು ತೂಕವಿಲ್ಲದವರನ್ನು ಸುಮ್ಮನಾಗಿಸಲು. ಅದಕ್ಕೆ ನಿಮ್ಮಲ್ಲಿ ಉತ್ತರವಿರಲಿಲ್ಲವೆಂದು ನೊಂದುಕೊಳ್ಳಬೇಡಿರಿ, ಇಲ್ಲವೆಂದು ಹೇಳಿದ್ದೇ ಉತ್ತರವಾಗಿತ್ತು. ಆ ನಿಧಿ ಯಾರಿಗಾಗಿ ಇತ್ತೋ ಅವರ ಆಳಾಗಿ ನೀವು ಅಂದು ನಿಂತಿರಿ.

ಇನ್ನೂ ಒಂದು ಸಂಗತಿ ಉಂಟು. ಸೇವೆ ಮಾಡು ಎಂಬ ಅರ್ಥದ ಆ ಗ್ರೀಕ್ ಕ್ರಿಯಾಪದವನ್ನು ಮಾರ್ಕನ ಸುವಾರ್ತೆಯಲ್ಲಿ ಹುಡುಕಿ ನೋಡಿರಿ. ಅಡವಿಯಲ್ಲಿ ದೇವದೂತರು ಯೇಸುವಿಗೆ ಸೇವೆ ಮಾಡುತ್ತಾರೆ, ಜ್ವರ ಬಿಟ್ಟ ಪೇತ್ರನ ಅತ್ತೆ ಮಾಡುತ್ತಾಳೆ, ಗಲಿಲಾಯದಿಂದ ಹಿಂಬಾಲಿಸಿ ಶಿಲುಬೆಯವರೆಗೂ ಬಂದ ಹೆಂಗಸರು ಮಾಡುತ್ತಾರೆ, ಮತ್ತು ಯೇಸು ತಾನೇ ಅದಕ್ಕಾಗಿ ಬಂದೆನೆನ್ನುತ್ತಾನೆ. ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನೂ ಆ ಸುವಾರ್ತೆಯಲ್ಲಿ ಆ ಕ್ರಿಯಾಪದಕ್ಕೆ ಕರ್ತೃವಾಗುವುದಿಲ್ಲ. ಪಾಠ ಕಲಿಯಬೇಕಾದವರು ಯಾರೆಂದು ಮಾರ್ಕನಿಗೆ ಸಂದೇಹವಿರಲಿಲ್ಲ.

ಉತ್ತರ: ಎರಡನೆಯ ಓದು

ಪದದ ಕುರಿತು ಒಂದು ಸಣ್ಣ ತಿದ್ದುಪಡಿ, ತಪ್ಪು ತಿಳಿಯಬೇಡಿರಿ. ಆಸ್ಟ್ರೇಲಿಯದ ವಿದ್ವಾಂಸ ಜಾನ್ ಎನ್. ಕಾಲಿನ್ಸ್ ಅವರು ಗ್ರೀಕ್ ಸಾಹಿತ್ಯದಲ್ಲಿ ಈ ಪದಸಮೂಹದ ಬಳಕೆಗಳನ್ನು ವಿಸ್ತಾರವಾಗಿ ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಯಾಕೊನೊಸ್ ಎಂಬುದರ ಮುಖ್ಯ ಅರ್ಥ ಕೀಳು ಚಾಕರಿಯಲ್ಲ. ಒಬ್ಬರ ಪರವಾಗಿ ಹೊಣೆ ಹೊತ್ತು ನಡುವೆ ನಿಂತು ಕೆಲಸ ಮುಗಿಸಿಕೊಡುವವನು, ಕಳುಹಿಸಲ್ಪಟ್ಟವನು ಎಂಬ ಅರ್ಥ ಅದರಲ್ಲಿದೆ. ಕೆಂಖ್ರೆಯ ಸಭೆಯ ಫೊಯಿಬೆಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಇದೇ ಪದದಿಂದ ಕರೆದಿದ್ದಾನೆ. ಅಲ್ಲಿ ಅದನ್ನು ಬರೀ ಚಾಕರಿಯೆಂದು ಓದಲು ಬರುವುದಿಲ್ಲ.

ಮಾರ್ಕ 10ರಲ್ಲಿ ಪಕ್ಕದಲ್ಲೇ ಗುಲಾಮ ಎಂಬ ಪದ ಇರುವುದರಿಂದ ಅಲ್ಲಿ ತಗ್ಗುವಿಕೆಯ ಅರ್ಥವನ್ನು ತೆಗೆದುಹಾಕಲಾಗದು ಎಂದು ನಾನೂ ಒಪ್ಪುತ್ತೇನೆ. ಆದರೆ ಕಾಲಿನ್ಸರ ಓದು ಎರಡನೆಯ ಪ್ರಶ್ನೆಗೆ ನೆರವಾಗುತ್ತದೆ. ಸೇವಕನನ್ನು ಅರಿಯುವುದು ಅವನು ಎಷ್ಟು ಬಗ್ಗಿದ್ದಾನೆ ಎಂಬುದರಿಂದಲ್ಲ, ಯಾರು ಅವನನ್ನು ಕಳುಹಿಸಿದರು ಎಂಬುದರಿಂದ.

ಕೆಲಸದ ಸ್ಥಳದ ತರಬೇತಿಯ ಕುರಿತು ಕೇಳಿದ್ದೀರಿ. ಸೇವಕ ನಾಯಕತ್ವ ಎಂಬ ಮಾತನ್ನು ಆಡಳಿತ ಕ್ಷೇತ್ರದಲ್ಲಿ ಪ್ರಚಾರಕ್ಕೆ ತಂದವರು ದೂರವಾಣಿ ಕಂಪನಿ ಎಟಿ ಅಂಡ್ ಟಿಯಲ್ಲಿ ದಶಕಗಳ ಕಾಲ ದುಡಿದಿದ್ದ ರಾಬರ್ಟ್ ಗ್ರೀನ್‌ಲೀಫ್. 1970ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಇಟ್ಟ ಪರೀಕ್ಷೆ ನಿಮಗೆ ಕಲಿಸಿದ್ದಕ್ಕಿಂತ ಬಹಳ ಆಳವಾದದ್ದು: ಸೇವೆ ಪಡೆದವರು ಮನುಷ್ಯರಾಗಿ ಬೆಳೆಯುತ್ತಾರೆಯೇ, ಹೆಚ್ಚು ವಿವೇಕಿಗಳೂ ಸ್ವತಂತ್ರರೂ ಆಗಿ ತಾವೇ ಸೇವಕರಾಗುತ್ತಾರೆಯೇ, ಮತ್ತು ಸಮಾಜದಲ್ಲಿ ಎಲ್ಲರಿಗಿಂತ ಕೆಳಗಿರುವವರಿಗೆ ಇದರಿಂದ ಏನಾಗುತ್ತದೆ? ಹೆಚ್ಚು ದುಡಿಸಿಕೊಳ್ಳುವ ಉಪಾಯವಾಗಿ ಅದನ್ನು ಕಲಿಸಿದವರು ಈ ಪರೀಕ್ಷೆಯನ್ನು ಕೈಬಿಟ್ಟಿದ್ದಾರೆ. ಆದರೂ ಗ್ರೀನ್‌ಲೀಫರ ಮಾತು ಸುವಾರ್ತೆಗೆ ಸಮವಲ್ಲ; ಅಲ್ಲಿ ಈಡಾಗಿ ಕೊಟ್ಟ ಪ್ರಾಣದ ಪ್ರಸ್ತಾಪವಿಲ್ಲ.

ಉತ್ತರ: ನಿವೃತ್ತ ಪಾಲಕ

ಮಗಳೇ, ನಾನು 31 ವರ್ಷ ಸಭಾಪಾಲಕನಾಗಿದ್ದವನು. ವಿದ್ವತ್ತಿನ ಮಾತುಗಳನ್ನು ಉಳಿದವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಇಲ್ಲವೆನ್ನುವುದರ ಕುರಿತು ಹೇಳುತ್ತೇನೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಪೌಲನು ಕೇಳುತ್ತಾನೆ: ನಾನು ಮನುಷ್ಯರನ್ನು ಮೆಚ್ಚಿಸುವವನೋ? ಹಾಗಾಗಿದ್ದರೆ ಕ್ರಿಸ್ತನ ದಾಸನಾಗಿರುತ್ತಿರಲಿಲ್ಲ. ಅದೇ ಪೌಲನು ಕೊರಿಂಥದವರಿಗೆ, ಯೇಸುವಿನ ನಿಮಿತ್ತ ನಾವು ನಿಮ್ಮ ದಾಸರು ಎನ್ನುತ್ತಾನೆ. ಈ ಎರಡು ವಾಕ್ಯಗಳನ್ನು ಜೊತೆಯಲ್ಲಿಟ್ಟು ಓದಬೇಕು. ಕೊರಿಂಥದವರು ಅವನ ದಾಸ್ಯವನ್ನು ಪಡೆದರು, ಅವನ ಮೇಲಿನ ಒಡೆತನವನ್ನು ಪಡೆಯಲಿಲ್ಲ. ನೀವು ಸಭೆಯ ಆಳು, ನಿಜ. ಆದರೆ ನಿಮ್ಮನ್ನು ಕೆಲಸಕ್ಕೆ ಇಟ್ಟ ಯಜಮಾನನು ಬೇರೆ, ಮತ್ತು ಬಡವರ ಹಣವನ್ನು ಆತನು ನಿಮ್ಮ ಕೈಗೆ ಕೊಟ್ಟದ್ದು ಬಡವರಿಗಾಗಿ.

ಯೇಸುವೂ ಇಲ್ಲವೆಂದನು. ಎಲ್ಲರೂ ನಿನ್ನನ್ನು ಹುಡುಕುತ್ತಾರೆಂದು ಶಿಷ್ಯರು ಬಂದು ಹೇಳಿದಾಗ, ಬೇರೆ ಊರುಗಳಿಗೆ ಹೋಗೋಣ, ಅದಕ್ಕಾಗಿಯೇ ಬಂದಿದ್ದೇನೆ ಎಂದು ಹೊರಟುಬಿಟ್ಟನು. ಕಾಲು ತೊಳೆದ ರಾತ್ರಿಯಲ್ಲೂ ತನ್ನ ಅಧಿಕಾರವನ್ನು ಮರೆಮಾಚಲಿಲ್ಲ. ನೀವು ನನ್ನನ್ನು ಗುರು, ಕರ್ತ ಎಂದು ಕರೆಯುವುದು ಸರಿಯೇ ಎಂದನು. ಆ ರಾತ್ರಿಯ ವಿವರಗಳನ್ನು ಯೋಹಾನ 13ರಲ್ಲಿ ನಿಧಾನವಾಗಿ ಓದಿರಿ. ಮೇಲುಡುಪನ್ನು ತೆಗೆದಿಟ್ಟನು, ತಿರುಗಿ ಹಾಕಿಕೊಂಡನು ಎನ್ನುವಾಗ ಯೋಹಾನನು ಬಳಸಿದ ಕ್ರಿಯಾಪದಗಳು, ಒಳ್ಳೆಯ ಕುರುಬನು ತನ್ನ ಪ್ರಾಣವನ್ನು ಕೊಟ್ಟು ತಿರುಗಿ ಪಡೆಯುವುದನ್ನು ಹೇಳುವ 10ನೆಯ ಅಧ್ಯಾಯದ ಕ್ರಿಯಾಪದಗಳೇ. ಯೂದನು ಎದ್ದು ಹೋದದ್ದು ಕಾಲು ತೊಳೆಸಿಕೊಂಡ ಮೇಲೆ. ಹಿಡಿದುಕೊಡುವವನ ಪಾದವನ್ನೂ ನೀರಿಗೆ ಹಿಡಿದ ಕೈಯದು.

ಆ ಅಧ್ಯಾಯದಲ್ಲಿ ನನಗೆ ಬಹಳ ತಡವಾಗಿ ಅರ್ಥವಾದದ್ದು ಪೇತ್ರನ ಮಾತು. ನೀನು ನನ್ನ ಕಾಲುಗಳನ್ನು ಎಂದಿಗೂ ತೊಳೆಯಬಾರದು ಎಂದನು. ಕೇಳಲು ದೀನತೆಯಂತಿದೆ. ನಿನ್ನನ್ನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂಬುದು ಯೇಸುವಿನ ಉತ್ತರ. ಬಹುಕಾಲ ನಾನು ಆ ಪೇತ್ರನಾಗಿದ್ದೆ. ಎಲ್ಲರ ಮನೆಗೂ ಹೋಗುತ್ತಿದ್ದೆ, ಯಾರನ್ನೂ ನನ್ನ ಕಷ್ಟದ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲ ಕೆಲಸವನ್ನೂ ನಾನೇ ಮಾಡಿ ಅದನ್ನು ತ್ಯಾಗವೆಂದುಕೊಂಡಿದ್ದೆ. ನಾನು ನಿವೃತ್ತನಾದ ಕೆಲವೇ ತಿಂಗಳಲ್ಲಿ, ರೋಗಿಗಳನ್ನು ಭೇಟಿಮಾಡುವ ಕೆಲಸವೇ ನಿಂತುಹೋಯಿತು, ಏಕೆಂದರೆ ಹೇಗೆ ಮಾಡಬೇಕೆಂದು ಒಬ್ಬರಿಗೂ ನಾನು ಕಲಿಸಿರಲಿಲ್ಲ. ಅವರು ಸೇವಕರಾಗುವ ದಾರಿಯನ್ನು ನನ್ನ ಸೇವೆಯೇ ಮುಚ್ಚಿತ್ತು. ಮೇಲೆ ಹೇಳಿದ ಗ್ರೀನ್‌ಲೀಫರ ಪರೀಕ್ಷೆಯಲ್ಲಿ ನಾನು ಸೋತವನು, ಮಗಳೇ, ಇದನ್ನು ಸಂಕಟದಿಂದಲೇ ಬರೆಯುತ್ತಿದ್ದೇನೆ.

ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯವನ್ನು ನೋಡಿರಿ. ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಾರೆಂದು ಗ್ರೀಕ್ ಭಾಷೆಯವರು ಗೊಣಗುಟ್ಟಿದರು. ಹನ್ನೆರಡು ಮಂದಿ ಅಪೊಸ್ತಲರು ಆ ಕೆಲಸವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳಲಿಲ್ಲ. ಏಳು ಮಂದಿಯನ್ನು ಆರಿಸಿರಿ ಎಂದು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಏಳೂ ಗ್ರೀಕ್ ಹೆಸರುಗಳು. ಗೊಣಗುಟ್ಟಿದವರ ಕಡೆಯವರ ಕೈಗೇ ಉಗ್ರಾಣ ಹೋದಂತೆ ಕಾಣುತ್ತದೆ. ಆ ಅಧ್ಯಾಯದಲ್ಲಿ ಊಟದ ಉಪಚಾರಕ್ಕೂ ವಾಕ್ಯೋಪದೇಶಕ್ಕೂ ಗ್ರೀಕಿನಲ್ಲಿ ಒಂದೇ ಪದವಿದೆ. ಒಂದು ಮೇಲು, ಇನ್ನೊಂದು ಕೀಳು ಎಂಬ ಭೇದ ನಾವು ಆಮೇಲೆ ತಂದುಕೊಂಡದ್ದು.

ಆರನೆಯ ಶತಮಾನದಲ್ಲಿ ನೂರ್ಸಿಯದ ಬೆನೆಡಿಕ್ಟರು ಮಠಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಅಡುಗೆಮನೆಯ ಸೇವೆಯಿಂದ ಸುಮ್ಮನೆ ಯಾರಿಗೂ ವಿನಾಯಿತಿ ಇಲ್ಲ, ಎಲ್ಲರೂ ಸರದಿಯ ಮೇಲೆ ಮಾಡಬೇಕು. ವಾರದ ಸರದಿ ಮುಗಿಸುವವನೂ ಮರುವಾರ ಆರಂಭಿಸುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಬಲವಿಲ್ಲದವರಿಗೆ ನೆರವಿನವರನ್ನು ಕೊಡಬೇಕು, ದುಃಖದಿಂದ ಅವರು ಸೇವೆ ಮಾಡಬಾರದು ಎಂದು ಕಾರಣವನ್ನೂ ಹೇಳಿದ್ದಾರೆ. ಉಗ್ರಾಣ ನೋಡಿಕೊಳ್ಳುವವನ ಕುರಿತು ಒಂದು ಇಡೀ ಅಧ್ಯಾಯವಿದೆ: ಮಠದ ಪಾತ್ರೆಪದಾರ್ಥಗಳನ್ನೆಲ್ಲ ಯಜ್ಞವೇದಿಯ ಪಾತ್ರೆಗಳಂತೆ ನೋಡಿಕೊಳ್ಳಬೇಕು, ಕೇಳಿದ್ದನ್ನು ಕೊಡಲಾಗದಿದ್ದಾಗ ಒಳ್ಳೆಯ ಮಾತನ್ನಾದರೂ ಕೊಡಬೇಕು. ಇಲ್ಲವೆನ್ನುವ ಅಧಿಕಾರ ಅವನಿಗಿದೆ, ತಾತ್ಸಾರದಿಂದ ಅನ್ನುವ ಅಧಿಕಾರವಿಲ್ಲ. ಮಠಾಧಿಪತಿಯು ಮುಂದೆ ನಿಲ್ಲುವುದಕ್ಕಿಂತ ಉಪಯೋಗಕ್ಕೆ ಬರುವುದೇ ಹೆಚ್ಚೆಂದು ತಿಳಿಯಬೇಕೆಂಬ ಮಾತೂ ಅಲ್ಲಿಯದೇ. ಮುಖ್ಯವಾದ ವಿಷಯ ಬಂದಾಗ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ಉತ್ತಮವಾದದ್ದನ್ನು ಕರ್ತನು ಅನೇಕ ಸಲ ಕಿರಿಯವನಿಗೆ ತಿಳಿಸುತ್ತಾನೆ.

ಹೊಗಳಿಕೆಯಿಂದ ಸಂತೋಷವಾಯಿತೆಂದು ನಿಮ್ಮನ್ನು ನೀವು ಹೊಡೆದುಕೊಳ್ಳಬೇಡಿರಿ. ಆಸೆ ಪೂರ್ತಿಯಾಗಿ ಶುದ್ಧವಾದ ಮೇಲೆ ಸೇವೆ ಮಾಡುತ್ತೇನೆಂದು ಕಾಯುವವನು ಎಂದಿಗೂ ಆರಂಭಿಸುವುದಿಲ್ಲ. ಯೇಸು ಆ ಅಣ್ಣತಮ್ಮಂದಿರನ್ನು ಹೊರಗೆ ಹಾಕಲಿಲ್ಲ, ಜೊತೆಯಲ್ಲೇ ಯೆರೂಸಲೇಮಿಗೆ ಕರೆದುಕೊಂಡು ಹೋದನು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ವಾಕ್ಯ ಹೊಗಳಿಕೆಯದಲ್ಲ, ಬೀಗದ್ದು. ಕೇಳುತ್ತೇನೆ, ಬೇಸರಪಡಬೇಡಿರಿ: ಆ ಬೀಗದ ಕೈ ಇನ್ನು ಯಾರ ಬಳಿ ಇದೆ? ಲೆಕ್ಕದ ಪುಸ್ತಕವನ್ನು ನಿಮ್ಮ ಹೊರತು ಯಾರು ಓದಬಲ್ಲರು?

ಪ್ರಶ್ನೆ ಕೇಳಿದವರ ಮರುನುಡಿ: ಕಡೇಸಾಲಿನವಳು

ಅಯ್ಯನವರೇ, ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಲು ನನಗೆ ಮೂರು ವಾರ ಬೇಕಾಯಿತು. ಯಾರ ಬಳಿಯೂ ಇರಲಿಲ್ಲ. ಯಾರೂ ಓದಬಲ್ಲವರಾಗಿರಲಿಲ್ಲ. 9 ವರ್ಷಗಳಲ್ಲಿ ಇಬ್ಬರು ಯುವಕರೂ ಒಬ್ಬ ವಿಧವೆಯೂ ಬೇರೆಬೇರೆ ಕಾಲದಲ್ಲಿ, ನಾವು ಏನಾದರೂ ಮಾಡಲೇ ಎಂದು ಕೇಳಿದ್ದರು. ಬೇಡ, ನಾನಿದ್ದೇನಲ್ಲ ಎಂದು ಮೂವರಿಗೂ ಹೇಳಿದ್ದೆನೆಂಬುದು ನೆನಪಿಗೆ ಬಂತು. ಇಲ್ಲವೆನ್ನಬಹುದೇ ಎಂದು ಇಲ್ಲಿ ಕೇಳಿದವಳು, ಹೇಳಬಾರದ ಕಡೆ ಬಹಳ ಸುಲಭವಾಗಿ ಅದನ್ನು ಹೇಳುತ್ತಾ ಬಂದಿದ್ದೆ.

ಹೊಣೆ ವಹಿಸಿಕೊಳ್ಳುವ ಕುರಿತು ಸಮಿತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಒಪ್ಪಿಕೊಳ್ಳುವುದಾದರೆ ಎರಡು ಷರತ್ತುಗಳನ್ನು ಇಟ್ಟಿದ್ದೇನೆ: ಲೆಕ್ಕದ ಪುಸ್ತಕ ಎಲ್ಲರೂ ನೋಡುವಂತೆ ಸಭೆಯ ಮೇಜಿನ ಮೇಲೆ ಇರಬೇಕು, ಮತ್ತು ಬಡವರ ನಿಧಿಯಿಂದ ಹಣ ತೆಗೆಯುವ ತೀರ್ಮಾನದಲ್ಲಿ ಆ ಸಹಾಯ ಪಡೆದವರಲ್ಲಿ ಒಬ್ಬರಾದರೂ ಕುಳಿತಿರಬೇಕು. ಎರಡನೆಯದರ ಕುರಿತು ಚರ್ಚೆ ಬಿಸಿಯಾಗಿಯೇ ನಡೆಯುತ್ತಿದೆ. ಅಂದು ಹಣ ಕೇಳಿದವರು ಸಮಿತಿಯಲ್ಲಿದ್ದಾರೆ. ಅವರೊಂದಿಗೆ ಮಾತನಾಡಲು ಹೋಗುವಾಗ ಉಗ್ರಾಣದವನ ಕುರಿತು ನೀವು ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ಹೋದೆ. ಅವರು ಒಪ್ಪಲಿಲ್ಲ, ಆದರೆ ಕೂರಿಸಿ ಪೂರ್ತಿ ಕೇಳಿದರು.

ಬೀಗದ ಕೈಯ ಎರಡು ಪ್ರತಿಗಳನ್ನು ಮಾಡಿಸಿ ಆ ವಿಧವೆಗೂ ಯುವಕರಲ್ಲಿ ಒಬ್ಬನಿಗೂ ಕೊಟ್ಟೆ. ಹೋದ ಭಾನುವಾರ ನಾನು ಎಲ್ಲರಂತೆ ಆರಾಧನೆಯ ಹೊತ್ತಿಗೆ ಹೋದಾಗ ಬಾಗಿಲು ತೆರೆದಿತ್ತು. ಕುರ್ಚಿಗಳನ್ನು ನಾನು ಜೋಡಿಸುತ್ತಿದ್ದ ಹಾಗೆ ಸಾಲಾಗಿ ಇಟ್ಟಿರಲಿಲ್ಲ, ಅರ್ಧವೃತ್ತವಾಗಿ ಇಟ್ಟಿದ್ದರು, ಒಂದೆರಡು ಓರೆಯಾಗಿದ್ದವು. ಸರಿಪಡಿಸಲು ಒಂದು ಕುರ್ಚಿಯ ಮೇಲೆ ಕೈಯಿಟ್ಟದ್ದೂ ನಿಜ. ಆಗ ಆ ಸಹೋದರಿ ಬಂದು, ಅಕ್ಕಾ, ಇವತ್ತು ನೀವು ಕುಳಿತುಕೊಳ್ಳಿ ಎಂದರು, ಮತ್ತು ನಾನು ಕುಳಿತೆ.